ಹಿಂಗೈ

ಗುತ್ತಲು ರಸ್ತೆಯ ತಗಡಿನ ಅಂಗಡಿಯಲ್ಲಿ
ಬಂದದ್ದನ್ನು ಮೊದಲು ಮೂಸುತ್ತಾರೆ ಕೆಂಪಾಚಾರ್ರು.
ಮಿಕ್ಸಿಯ ಬುಡದಲ್ಲಿ ಯಾವ ಕಾಲದ್ದೋ ಚಟ್ನಿ, ಇರಲಿ;
ಸುಟ್ಟ ವಾರ್ನಿಷ್ ವಾಸನೆಯಾದರೆ
ಮೂಗು ಅಲ್ಲೇ ನಿಲ್ಲುತ್ತದೆ.

ಆಮೇಲೆ ವೈರು.
ಹುರುಳಿಕಾಯಿ ಎಳಸೋ ಬಲಿತದ್ದೋ ನೋಡುವಂತೆ
ಗೇಣುಗೇಣಿಗೂ ಬಗ್ಗಿಸಿ,
ಇಲಿ ಕಡಿದಲ್ಲಿ ಯಾರೋ ಸುತ್ತಿದ
ಗಾಯದ ಪಟ್ಟಿ ಬಿಚ್ಚಿ ನನಗೆ ತೋರಿಸುತ್ತಾರೆ:
"ವಾಸಿಯಾಗಿಲ್ಲ ನೋಡವ್ವ."

ಪ್ಲಗ್ಗಿನ ಮೂರು ಕಾಲಲ್ಲಿ ದಪ್ಪನೆಯದು
ಎಷ್ಟೋ ಸಲ ಇರುವುದೇ ಇಲ್ಲ.
ಗೋಡೆಯ ತೂತಿಗೆ ಹಿಡಿಸಲಿಲ್ಲವೆಂದು ಕಿತ್ತಿರುತ್ತಾರೆ.
ಮಣ್ಣಿಗೆ ಇಳಿಯುವ ದಾರಿ ಅದು.
ಮುಚ್ಚಿದರೆ ಕರೆಂಟು ನಿಲ್ಲುವುದಿಲ್ಲ,
ನಿನ್ನ ಮೇಲೆ ಹಾಯ್ದು ಹೋಗುತ್ತದೆ.

ಮೊಳೆಗೆ ನೇತುಹಾಕಿದ ನೂರು ಕ್ಯಾಂಡಲ್ ಬಲ್ಬು.
ಒಂದು ತುದಿ ಪಿನ್ನಿಗೆ, ಒಂದು ತುದಿ ಮೈಗೆ.
ದೀಪ ಹತ್ತದಿರಲಪ್ಪಾ ಎಂದು
ಬೇಡಿಕೊಳ್ಳುವ ಕಸುಬು ನಮ್ಮದು.

ಎಲ್ಲ ಮುಗಿದ ಮೇಲೆ, ಹಲಗೆಯ ಮೇಲೆ ನಿಂತು,
ರಬ್ಬರ್ ಚಪ್ಪಲಿ ಮೆಟ್ಟಿ, ಕೈ ಒಣಗಿದೆಯೋ ನೋಡಿ,
ಮುಟ್ಟಬೇಕು.
ಅಂಗೈಯಲ್ಲಲ್ಲ. ಅಂಗೈಗೆ ಹಿಡಿಯುವುದೊಂದೇ ಗೊತ್ತು,
ಸಾಯುವಾಗಲೂ ಬಿಡುವುದಿಲ್ಲ.
ಹಿಂಗೈಯಲ್ಲಿ. ಕೂಸಿನ ಜ್ವರ ನೋಡುವ ಹಾಗೆ.

ನಿನ್ನೆ ಹೊಸಹಳ್ಳಿಯ ಶಿವನಂಜಮ್ಮ
ನೀರು ಕಾಯಿಸುವ ರಾಡು ಮಾರಲು ತಂದರು.
"ಆರು ವರ್ಷ ಕಾಯ್ಸಿವ್ನಿ, ಏನೂ ಆಗಿಲ್ಲ.
ಬಕೆಟ್ ಮುಟ್ಟುದ್ರೆ ಇರುವೆ ಕಡ್ದಂಗೆ ಜುಮ್ ಅಂತದೆ,
ಅಷ್ಟೇಯ."
ಬಲ್ಬು ಹತ್ತಿತು,
ಮದುವೆ ಮನೆಯ ದೀಪದ ಹಾಗೆ, ಪೂರ್ತಿ.
ಆಚಾರ್ರು ಮಾತಾಡದೆ ಕಟಿಂಗ್ ಪ್ಲೇಯರ್ ತೆಗೆದು
ವೈರನ್ನು ಬುಡದಲ್ಲೇ ಕತ್ತರಿಸಿದರು,
ಗುಜರಿಯಿಂದಲೂ ಯಾರೂ ಎತ್ತಿಕೊಂಡು ಹೋಗಬಾರದೆಂದು.
ತಾಮ್ರಕ್ಕೆ ಇಪ್ಪತ್ತು ರೂಪಾಯಿ.
ಇನ್ನೂರಕ್ಕೆ ಬಂದಿದ್ದ ಆಯಮ್ಮ
ಬಸ್ಸು ಬರುವವರೆಗೂ ಬೈದರು, ಅವರ ಮನೆತನ ಹಿಡಿದು.
ಆಚಾರ್ರು ಟೀ ತರಿಸಿಕೊಟ್ಟರು.
ಟೀ ಕುಡಿದೂ ಬೈದರು.

ರಾತ್ರಿ ನಮ್ಮ ಅಡುಗೆಮನೆ.
ಫ್ರಿಜ್ಜಿನ ಹಿಡಿಗೆ ಒಂದು ಬಟ್ಟೆ,
ನಮ್ಮತ್ತೆ ಯಾವಾಗಲೋ ಕಟ್ಟಿದ್ದು, ಎಣ್ಣೆಗೆ ಕಪ್ಪಾಗಿದೆ.
ಒಗೆದು ಒಗೆದು ಮತ್ತೆ ಅಲ್ಲಿಗೇ ಕಟ್ಟಿದ್ದೇನೆ
ಹನ್ನೊಂದು ವರ್ಷ.
ಯಾಕೆಂದು ಕೇಳಿರಲಿಲ್ಲ.

ಬಿಚ್ಚಿದೆ. ಚಪ್ಪಲಿ ಮೆಟ್ಟಿ
ಹಿಂಗೈ ತಾಕಿಸಿದೆ.

ಇರುವೆ.

ಸ್ವಿಚ್ ಆರಿಸಿ ಪ್ಲಗ್ಗು ಕಿತ್ತೆ.
ನಾಳೆಯ ಹಾಲು ಒಡೆದರೆ ಒಡೆಯಲಿ.