ಸುಕ್ಕು ಬರಬೇಕು

ಹದಿನಾರನೇ ತೂಬಿನ ಕಟ್ಟೆ ಎಷ್ಟು ಎತ್ತರ ಅಂತ
ಮೂವತ್ತು ವರ್ಷ ಯಾರೂ ಕೇಳಿರಲಿಲ್ಲ.
ಈಗ ಆಸ್ಪತ್ರೆ ಚೀಟಿಯಲ್ಲಿದೆ: ಎಂಟು ಅಡಿ.
ಕೆಳಗೆ ಹಾಸುಗಲ್ಲು. ಅದನ್ನು ಬರೆದಿಲ್ಲ.

ರಾತ್ರಿ ಎರಡು ಗಂಟೆ. ಯಾರೋ ಹಲಗೆ ಎತ್ತಿದ್ದರು.
ನೀರಿಗೆ ಕಳ್ಳತನ ಬರೋದಿಲ್ಲ,
ಕದ್ದವನ ಗದ್ದೆಗೂ ಸದ್ದು ಮಾಡಿಕೊಂಡೇ ಹೋಗುತ್ತದೆ.
ಎದ್ದು ಹೋದೆ, ತಿರುಪು ತಿರುಗಿಸಿ ಇಳಿಸಿದೆ,
ಮೆಟ್ಟಿಲು ಇದೆ ಅಂದುಕೊಂಡ ಕಡೆ ಕಾಲಿಟ್ಟೆ.
ಕಲ್ಲು ಕಿತ್ತುಹೋಗಿ ಎಷ್ಟು ಕಾಲವಾಗಿತ್ತೋ.

ಬಲ ಹಿಮ್ಮಡಿ.
ಕೈಜಾರಿದ ಬೆಲ್ಲದಚ್ಚಿನ ಹಾಗೆ
ನಾಲ್ಕು ಹೋಳು, ಒಂದಿಷ್ಟು ಪುಡಿ.

ಮಂಡ್ಯದ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು
"ಪ್ಲೇಟು ಹಾಕೋಣ, ಈಗಲ್ಲ" ಅಂದರು.
"ಬಾವು ಇಳೀಲಿ. ಚರ್ಮದ ಮೇಲೆ ಸುಕ್ಕು ಬರಬೇಕು."
ನನಗೆ ಅರ್ಥವಾದದ್ದು ಇಷ್ಟು:
ತುಂಬಿದ ಕೆರೆಯ ಏರಿ ಕಡಿಯಬಾರದು.
ಕೆಂಪಾಜಮ್ಮ ಸೆರಗು ಬಾಯಿಗಿಟ್ಟು ನಕ್ಕಳು:
"ಮೊಕದ ತುಂಬಾ ಅವೆಯಲ್ಲ ಸ್ವಾಮಿ,
ಒಂದೆರಡು ಕೆಳಕ್ಕೆ ಇಳಿಸಿ."

ಫಿಸಿಯೋ ಹುಡುಗಿ ಸುಹಾನಾ ನೀಲಿ ಡಬ್ಬ ತಂದಳು.
ದಿನಕ್ಕೆ ಮುನ್ನೂರೈವತ್ತು ಬಾಡಿಗೆ.
ಒಳಗೆ ಐಸು, ನೀರು; ಹೊರಗೆ ಎರಡು ಕೊಳವೆ;
ಕಾಲಿಗೆ ಬೂಟಿನಂಥ ಪಟ್ಟಿ.
ಗುರ್ ಅನ್ನುತ್ತದೆ, ತಣ್ಣೀರು ಸುತ್ತುತ್ತದೆ,
ಗಾಳಿ ತುಂಬಿ ಅಮುಕುತ್ತದೆ, ಬಿಡುತ್ತದೆ,
ಮತ್ತೆ ಅಮುಕುತ್ತದೆ.
ಓ, ಇದು ತೂಬು, ಅಂದುಕೊಂಡೆ.

ಕಾಲು ಎದೆಗಿಂತ ಮೇಲಿರಬೇಕಂತೆ.
ಎರಡು ದಿಂಬು, ಅದರ ಕೆಳಗೆ ಅರ್ಧ ಮೂಟೆ ಅಕ್ಕಿ.
ನೀರು ಇಳಿಜಾರಿಗೆ ಹೋಗುತ್ತದೆ ಅಂತ
ಆ ಮಗು ನನಗೆ ವಿವರಿಸಿತು. ಹೂಂಗುಟ್ಟಿದೆ.

ಇಪ್ಪತ್ತು ನಿಮಿಷ ಇಡಿ, ತೆಗೀರಿ, ಎರಡು ಗಂಟೆ ಬಿಡಿ.
ಬರಿ ಚರ್ಮಕ್ಕೆ ಐಸು ತಾಗಿಸಬೇಡಿ, ತಣ್ಣಗಿರೋದೂ ಸುಡುತ್ತೆ.
ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ
ಸಡಿಲ ಮಾಡಿ, ಫೋನು ಮಾಡಿ.
ಇದೇ ಮಾತು ನಾನು ಗದ್ದೆ ಬದುವಿನಲ್ಲಿ ನಿಂತು ಹೇಳಿದ್ದೇನೆ:
ನಿನ್ನ ಸರದಿ ಇಷ್ಟೇ ಕಣ್ಲಾ, ಕಟ್ಟು, ಪೈರು ಕೊಳೆತೀತು.
ಯಾರೂ ನಂಬುತ್ತಿರಲಿಲ್ಲ.
ಈಗ ನಾನೇ ಗೋಗರೆಯುತ್ತೇನೆ,
"ಇನ್ನೈದು ನಿಮಿಷ ಇರ್ಲಿ ಕಣಮ್ಮಿ, ಹಾಯಾಗೈತೆ."
ಕೆಂಪಾಜಮ್ಮ ನನಗಿಂತ ಬಿಗಿ ನೀರುಗಂಟಿ.

ಮೂರು ದಿನಕ್ಕೆ ಡಬ್ಬ ವಾಪಸು.
ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಐಸು, ಮೇಲೆ ಒದ್ದೆ ಟವಲು,
ಬೆರಳ ಕಡೆಯಿಂದ ಮೇಲಕ್ಕೆ ಸುತ್ತಿದ ಬ್ಯಾಂಡೇಜು.
ಐಸು ತರುವವನು ಕೊನೇಗದ್ದೆ ಮಾದೇಶ,
ಬೆಳಿಗ್ಗೆ ಆರಕ್ಕೆ, ಮೊಪೆಡ್ಡಿನ ಮುಂದೆ ಗೋಣಿಚೀಲ,
ಒಳಗೆ ಹೊಟ್ಟು. ಮಂಡ್ಯದ ಮೀನಂಗಡಿಯ ಐಸು.
ಕಾಲೆಲ್ಲ ಬಂಗಡೆ ವಾಸನೆ, ಬೆಕ್ಕು ಮಂಚ ಬಿಟ್ಟು ಕದಲದು.
ಯಾರೂ ಹೇಳಿರಲಿಲ್ಲ ಅವನಿಗೆ ತಾ ಅಂತ.
ಕೂರುವುದಿಲ್ಲ. ಕಾಸು ಮುಟ್ಟುವುದಿಲ್ಲ.
ಕಾಲು ನೋಡುತ್ತಾನೆ, ಸೂರು ನೋಡುತ್ತಾನೆ.
ಅವನ ಅಂಗಿ ತೋಳಿನ ಮೇಲೆ ಒಂದು ಕಪ್ಪು ಕಲೆ,
ಎಷ್ಟು ಒಗೆದರೂ ಹೋಗದ ಗ್ರೀಸು.
ತಿರುಪಿಗೆ ಅದನ್ನು ಬಳಿದವನು ನಾನೇ.

ನಾನೂ ಸೂರು ನೋಡಿದೆ.

ಮೊದಲು ನೇರಳೆ, ಆಮೇಲೆ ಮಾಗಿದ ಬಾಳೆಯ ಬಣ್ಣ,
ಒಂಬತ್ತನೇ ದಿನ ಪಟ್ಟಿ ಬಿಚ್ಚಿದ ಕೆಂಪಾಜಮ್ಮ
ಕನ್ನಡಕ ಹುಡುಕಿದಳು.
ಹರಡಿನ ಕೆಳಗೆ, ನಾಲೆ ನಿಂತ ಮೂರನೇ ದಿನ
ಕೆಸರಿನ ಮೇಲೆ ಮೂಡುತ್ತವಲ್ಲ, ಅಂಥ
ಸಣ್ಣ ಸಣ್ಣ ಗೀರು.
"ಬಂತಾ?" ಅಂದ ಬಾಗಿಲಲ್ಲಿದ್ದ ಮಾದೇಶ.
ಒಂಬತ್ತು ದಿನಕ್ಕೆ ಅವನ ಮೊದಲ ಮಾತು.
"ಬಂತು."

ಕೊನೇ ಸಲ ಐಸು ಇಟ್ಟರು. ಗಡಿಯಾರ ನೋಡುತ್ತಲೇ ಕೇಳಿದೆ,
"ತೂಬಿನ ಹತ್ರ ಹೋಗಿದ್ದೇನ್ಲಾ?"
ಅವನು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿದ,
ಬಿಚ್ಚಿದ, ಮತ್ತೆ ಮಡಚಿದ.
"ಮೆಟ್ಲು ಕಟ್ದೆ ಕಣಣ್ಣೋ. ಸಿಮೆಂಟಲ್ಲಿ."

ಹದಿನೆಂಟು ನಿಮಿಷ ಆಗಿತ್ತು.
ಇನ್ನೂ ಎರಡು ಇತ್ತು.
ಕೂತ್ಕೋ, ಅಂದೆ.