ಪಾಳಿ ಹಾಸಿಗೆ

ಹದಿನೈದು ದಿನ ಮೊದಲೇ ಹೇಳಿತ್ತು ಅದು:
ಟಕ್. ಸ್ವಲ್ಪ ಸುಮ್ಮನೆ. ಮತ್ತೆ ಟಕ್.
ಸಜ್ಜಾ ಕ್ಯಾಂಪಿನ ಆಫೀಸೆಂಬ ತಗಡಿನ ಡಬ್ಬಿಯಲ್ಲಿ
ಎಸಿಯ ಗೊರಕೆಯ ಅಡಿಯಿಂದ
ಕೇಳಿಸುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.
ಸಾವಿರದ ನೂರು ಹೆಸರು, ಕೋಣೆ, ಮಂಚ, ವೀಸಾ ಮುಗಿಯುವ ತಾರೀಕು,
ಎಲ್ಲವನ್ನೂ ಹೊತ್ತು ತಿರುಗುತ್ತಿದ್ದದ್ದು
ಒಂದು ಗುರುವಾರ ಬೆಳಿಗ್ಗೆ ನಿಂತಿತು.

ರೋಲಾದ ಹಿಂದಿನ ಗಲ್ಲಿಯಲ್ಲಿ ಪುತ್ತುಬಾವನ ಅಂಗಡಿ.
ನಾಲ್ಕು ದಿನ ಹಿಡಿದು, ಸಿಕ್ಕಷ್ಟನ್ನು ಎತ್ತಿಟ್ಟು,
ಆಮೇಲೆ ಸ್ಕ್ರೂ ಬಿಚ್ಚಿ ತೋರಿಸಿದ:
ಕನ್ನಡಿಯಂಥ ತಟ್ಟೆ. ಅದರ ಮೇಲೆ ಅಲೆಯುವ ಒಂದು ಕೈ.
‘ಮುಟ್ಟುವುದಿಲ್ಲ ಭಟ್ರೇ, ಮುಟ್ಟುವ ಹಾಗೆ ಹಾರುತ್ತೆ.
ನಡುವಿನ ಸಂದಿಯಲ್ಲಿ ಸಿಗರೇಟಿನ ಹೊಗೆಯೂ ತೂರದು.
ನಿಮಿಷಕ್ಕೆ ಏಳು ಸಾವಿರದಿನ್ನೂರು ಸುತ್ತು!
ನಿಮಗೊಂದು ಹೆಸರು ಬೇಕೋ, ಕೈ ಅಲ್ಲಿಗೆ ಹೋಗಬೇಕು,
ಹೆಸರು ಸುತ್ತಿ ಬರುವವರೆಗೆ ನಿಂತಿರಬೇಕು,
ಗೇಟಿನಲ್ಲಿ ನಿಮ್ಮ ಹುಡುಗರು ಬಸ್ಸಿಗೆ ನಿಂತ ಹಾಗೆ.’

ಹೊಸದನ್ನು ಅಂಗೈಗಿಟ್ಟ. ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು.
ಕಿವಿಗೆ ಹಿಡಿದೆ. ನಕ್ಕ.
‘ಇದರಲ್ಲಿ ಏನೂ ತಿರುಗುವುದಿಲ್ಲ. ಬರೀ ಕೋಣೆಗಳು.
ಬಾಗಿಲೇ ಇಲ್ಲ ಅವಕ್ಕೆ.
ಎಲೆಕ್ಟ್ರಾನುಗಳನ್ನು ಗೋಡೆಯ ಮೂಲಕವೇ ಒಳಗೆ ತಳ್ಳುವುದು.
ಕರೆಂಟು ಹೋದರೂ ಕೂತಿರುತ್ತವೆ ಅಲ್ಲೇ.’

ಅರ್ಬಾಬನ ಕಾಗದ ಬರುವವರೆಗೆ, ಅಂದೆ.

‘ಹೂಂ. ಆದರೆ ಒಂದೊಂದು ಸಲ ತಳ್ಳಿದಾಗಲೂ
ಗೋಡೆ ಕೂದಲಷ್ಟು ಸವೆಯುತ್ತೆ.
ಅದಕ್ಕೇ ಒಳಗೊಬ್ಬ ಕಾರಕೂನ ಇದ್ದಾನೆ, ನಿಮ್ಮಂಥವನು.
ಒಂದೇ ಕೋಣೆಗೆ ದಿನಾ ನುಗ್ಗಿಸುವುದಿಲ್ಲ,
ಸರದಿ ಹಚ್ಚಿ ಎಲ್ಲ ಕೋಣೆಗೂ ಹಂಚುತ್ತಾನೆ.’

ನನ್ನಂಥವನಲ್ಲ, ಬಿಡು.
ನಮ್ಮಲ್ಲಿ ಒಂದೇ ಹಾಸಿಗೆಗೆ ಹಗಲಿಗೊಬ್ಬ, ರಾತ್ರಿಗೊಬ್ಬ.
ಇಬ್ಬರ ಬೆನ್ನಿಗೂ ಒಂದೇ ಗುಳಿ,
ಎದ್ದವನ ಬೆವರು ಆರುವ ಮೊದಲೇ ಮಲಗುವವನು.

ಒಬ್ಬನ ಹೆಸರು ತೆಗೆಯಲು ಒಬ್ಬನನ್ನೇ ತೆಗೆಯಲಾಗದಂತೆ ಅಲ್ಲಿ.
ಉಳಿಯುವವರನ್ನೆಲ್ಲ ಬೇರೆ ಬ್ಲಾಕಿಗೆ ಸಾಗಿಸಿ
ಇಡೀ ಬ್ಲಾಕು ತೊಳೆಯಬೇಕು.
ಇದು ಮಾತ್ರ ಥಟ್ಟನೆ ಹೊಳೆಯಿತು:
ತಿಗಣೆ ಮದ್ದು ಹೊಡೆಯುವ ಶುಕ್ರವಾರ,
ಟ್ರಂಕು, ಕುಕ್ಕರು, ದೇವರ ಫೋಟೋ ಹೊತ್ತು
ಅಂಗಳ ದಾಟುವ ಸಾಲು.

ಆದರೆ ಪಟ್ಟಿ ನೋಡಿ ಕೂತುಬಿಟ್ಟೆ.
ಸಾವಿರದ ನೂರು ಕೊಟ್ಟಿದ್ದೆ, ಸಾವಿರದ ಮುನ್ನೂರ ಹನ್ನೆರಡು ಬಂದಿವೆ!
‘ನೀವು ಅಳಿಸಿದವರೂ ಇದ್ದಾರೆ,’ ಅಂದ.
‘ಹಳೆಯದು ಅಳಿಸುವುದಿಲ್ಲ, ಪಟ್ಟಿಯಲ್ಲಿ ಗೆರೆ ಎಳೆಯುತ್ತೆ.
ಅದೇ ಜಾಗಕ್ಕೆ ಇನ್ನೊಬ್ಬ ಬಂದು ಮಲಗುವವರೆಗೆ
ಮನುಷ್ಯ ಅಲ್ಲೇ.’

ಮಾನ್ವಿಯ ಹುಸೇನಪ್ಪ. ಅಟ್ಟಣಿಗೆ ಕಟ್ಟುವವನು.
ಅರ್ಧ ಮುಖ ಬೂದು ಪಟ್ಟಿ, ಅರ್ಧ ಸರಿಯಾಗಿದೆ.
ಕುತ್ತಿಗೆಯಲ್ಲಿ ಟೈ. ಟೈ ನನ್ನದು,
ಫೋಟೋಕ್ಕೆಂದು ಕೊಟ್ಟಿದ್ದು.
‘ಅಳಿಸಲೇ?’ ಎಂದು ಯಂತ್ರ ಎರಡೆರಡು ಸಲ ಕೇಳಿತ್ತು.
ಎರಡು ಸಲವೂ ಹೂಂ ಅಂದಿದ್ದೆ, ಊಟದ ಹೊತ್ತಾಗಿತ್ತು.

‘ಹೊಸದರಲ್ಲಿ?’
‘ಬಿಡುವಾದಾಗ ತೊಳೆದೇಬಿಡುತ್ತೆ. ಆಮೇಲೆ ನನ್ನ ಕೇಳಬೇಡಿ.’
‘ಸಾಯುವಾಗ ಸದ್ದು?’
‘ಇಲ್ಲ.’
ಸ್ವಲ್ಪ ತಡೆದು, ಚಾದ ಲೋಟ ತಿರುಗಿಸುತ್ತ:
‘ಕರೆಂಟು ಕೊಡದೆ, ಈ ಜುಲೈ ಬೇಗೆಯಲ್ಲಿ,
ವರ್ಷಗಟ್ಟಲೆ ಕಪಾಟಿನಲ್ಲಿ ಇಟ್ಟುಬಿಡಬೇಡಿ.
ಒಳಗೆ ಕೂತವು ಒಂದೊಂದಾಗಿ ಗೋಡೆ ದಾಟಿ
ಹೋಗಿಬಿಡುತ್ತವೆ, ಯಾರನ್ನೂ ಕೇಳದೆ.’

ಹೋಗಲಿ, ಅಂದುಕೊಂಡೆ.

ತಟ್ಟೆಯನ್ನು ಕೇಳಿ ತಂದೆ.
ಸಿ ಬ್ಲಾಕಿನ ನಲ್ಲಿಗಳ ಮೇಲೆ ಮೊಳೆ ಹೊಡೆದು ತೂಗಿದ್ದೇನೆ.
ನಡುವಿನ ತೂತಿಗೆ ಮೊಳೆ ಸರಿಹೋಯಿತು.
ನಸುಕಿಗೆ ನಾಲ್ಕಕ್ಕೆ ಗಡ್ಡ ಹೆರೆಯಲು ಅದರ ಮುಂದೆ ನೂಕುನುಗ್ಗಲು.
ಕೈ ಬಿದ್ದ ಜಾಗದಲ್ಲಿ ಸಣ್ಣದೊಂದು ಬಾಗಿದ ಗೀರಿದೆ.
ಅದು ಎಲ್ಲರ ಕೆನ್ನೆಯ ಮೇಲೂ
ಹಾಗೇ ಬಂದು ಕೂರುತ್ತದೆ.