ಬಾಗಿಲು ಪೂರ್ವಕ್ಕೆ

ಹತ್ತೊಂಬತ್ತು ಜೂನ್ ಆಯಿತು,
ಆರನೇ ತರಗತಿಯನ್ನು ಇದೇ ಹಳದಿ ಬಸ್ಸಿಗೆ ತುಂಬಿಕೊಂಡು
ಇದೇ ಜಲ್ಲಿರಸ್ತೆಯ ಧೂಳೆಬ್ಬಿಸುತ್ತ ಬರುತ್ತಿದ್ದೇನೆ.
ಸಾಸ್ಕಾಚೆವಾನ್ ಎಂದು ತಪ್ಪಿಲ್ಲದೆ ಬರೆಯಲು ಬರುವಷ್ಟರಲ್ಲಿ
ಅದರ ಇತಿಹಾಸವೂ ಬಂದುಬಿಡಬೇಕು ಮಕ್ಕಳಿಗೆ:
ಒಂದು ದಿನ, ನಾಲ್ಕು ಜಾಗ, ತಲೆಗೆರಡು ಸ್ಯಾಂಡ್‌ವಿಚ್,
ಬಸ್ಸು ಹತ್ತುವ ಮುಂಚೆ ಕಾಲುಚೀಲದಲ್ಲಿ
ಉಣ್ಣಿ ಇದೆಯೇ ನೋಡಿಕೊಳ್ಳಿ.

ಮೊದಲು ಧಾನ್ಯದ ಗೋಪುರ.
ರೈಲು ನಿಂತು ಮೂವತ್ತು ವರ್ಷ, ಹಳಿಯನ್ನೂ ಕಿತ್ತು ಮಾರಿದ್ದಾರೆ.
ಬೀಗದ ಕೈ ಒರಿಸ್ಯಾ ಹ್ನಾಟ್ಯುಕ್ ಅಜ್ಜಿಯ ಬಳಿ.
ಹಿಂದಿನ ದಿನವೇ ಫೋನ್ ಮಾಡಬೇಕು,
ಮಾಡಿದರೂ ಮರೆತಿರುತ್ತಾಳೆ,
ಮರೆತರೂ ಬರುತ್ತಾಳೆ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು.
ಲಾರಿ ತೂಗುವ ಹಲಗೆಯ ಮೇಲೆ ಇಡೀ ತರಗತಿಯನ್ನು ನಿಲ್ಲಿಸಿ
ಮುಳ್ಳಿನತ್ತ ಕಣ್ಣು ಕಿರಿದು ಮಾಡಿ ಸಾರುತ್ತಾಳೆ:
"ನಲವತ್ತು ಬುಶೆಲ್! ಈ ಸಲದ ಬೆಳೆ ಪರವಾಗಿಲ್ಲ."
ಪ್ರತಿ ವರ್ಷ ಅದೇ ಮಾತು.
ಪ್ರತಿ ವರ್ಷ ನಾನೂ ನಗುತ್ತೇನೆ.

ಆಮೇಲೆ ಹೆಂಟೆಯ ಮನೆ.
ಬೇರುಸಮೇತ ನೆಲ ಕತ್ತರಿಸಿ, ಇಟ್ಟಿಗೆಯಂತೆ ಪೇರಿಸಿದ್ದು.
ಅಸಲಿಯದು ಎಂದೋ ಮಳೆಗೆ ಕರಗಿತು;
ಇದು ನಕಲು, ನಾನೇ ಎರಡು ಭಾನುವಾರ ಮಣ್ಣು ಹೊತ್ತಿದ್ದೇನೆ.
ಒಳಗೆ ಹಿಟ್ಟು ನಾದುತ್ತ ನಿಂತ ಹೆಂಗಸು
ನಮ್ಮೂರ ಬಟ್ಟೆಯಂಗಡಿ ಮುಚ್ಚಿದ ದಿನ ದಾನ ಬಂದ ಗೊಂಬೆ.
ತಲೆಗೆ ವಸ್ತ್ರ, ಬಲಗೈಗೆ ಮೂರೇ ಬೆರಳು,
ಮುಖದಲ್ಲಿ ಇನ್ನೂ ಅರ್ಧಬೆಲೆ ಮಾರಾಟದ ನಗು.
ಆ ಚಳಿಯಲ್ಲಿ ಹೀಗೆ ಯಾರು ನಕ್ಕಿರುತ್ತಾರೆ ಹೇಳಿ.

ಮೂರನೆಯದು ನನಗಿಷ್ಟದ ಕಲ್ಲು.
ಬಟಾಬಯಲಲ್ಲಿ ಒಂದೇ ಒಂದು, ಎಮ್ಮೆಯಷ್ಟು ಗಾತ್ರ.
ಹಿಮನದಿ ತಂದು ಬಿಟ್ಟುಹೋದದ್ದಂತೆ.
ಕಾಡೆಮ್ಮೆಗಳು ಸಾವಿರಾರು ವರ್ಷ
ಮೈ ತುರಿಸಿ ತುರಿಸಿ ಮೂಲೆಯೆಲ್ಲ ನುಣುಪು,
ಸುತ್ತ ಗೊರಸು ತುಳಿದ ಹೊಂಡ.
ಉಳಿ ಮುಟ್ಟಿಲ್ಲ, ಸುತ್ತಿಗೆ ಮುಟ್ಟಿಲ್ಲ,
ಬರೀ ತುರಿಕೆ ಕೆತ್ತಿದ್ದು.
ಈಗ ಡೆಲೋರ್ಮ್ ಮನೆಯ ಹಸುಗಳು ಒರಗುತ್ತವೆ,
ಯಾರೂ ನೋಡದಾಗ ನಾನೂ.

ಕೊನೆಗೆ ಗುಡ್ಡ. ನಾನು ಹತ್ತುವುದಿಲ್ಲ ಸಾಮಾನ್ಯವಾಗಿ,
ಸ್ಟೀರಿಂಗಿನ ಮೇಲೆ ಪದಬಂಧ, ಫ್ಲಾಸ್ಕಿನ ತಳದ ಕಾಫಿ.
ಈ ಸಲ ಮಿಸ್ ಓಲಾಫ್ಸನ್‌ಗೆ ಮಂಡಿ ನೋವು,
"ಫ್ರೋಸೆ, ನೀವು ಸ್ವಲ್ಪ ಜೊತೆಗೆ ಹೋಗಿ" ಅಂದರು.

ಮೇಲೆ ಏನೂ ಇಲ್ಲ. ಗಾಳಿ. ಹುಲ್ಲು.
ಹುಲ್ಲಲ್ಲಿ ಅರ್ಧ ಹೂತ ಕಲ್ಲುಗಳ ಒಂದು ಸುತ್ತು,
ಕಿತ್ತಳೆ ಬಣ್ಣದ ಕಲ್ಲುಹೂ ಹಬ್ಬಿದ್ದು.
ಡೇರೆಯ ಅಂಚು ಹಾರದಂತೆ ಇಟ್ಟವು,
ಡೇರೆ ಎದ್ದು ಹೋದಮೇಲೂ ಅಲ್ಲೇ ಕೂತವು.
ಕೋಲ್ಟನ್ ಓಡಿಬಂದು ನೆಗೆದ ನಡುವಿಗೆ,
ಅವನ ಹಿಂದೆ ದಡದಡ ಇಪ್ಪತ್ತು ಜನ.

ಮೆರಿಸ್ಸಾ ಕಕೀಸಿಮ್ ಹೊರಗೇ ನಿಂತಿದ್ದಳು.
ಎರಡನೇ ಸೀಟು, ಕಿಟಕಿ ಪಕ್ಕ;
ವರ್ಷವಿಡೀ ನನ್ನೊಡನೆ ಆಡಿದ್ದು ನಾಲ್ಕು ಮಾತಿರಬಹುದು.
"ನೀನೀಗ," ಅಂದಳು, ದನಿ ಏರಿಸದೆ,
"ಗೋಡೆ ತೂರಿಕೊಂಡು ಬಂದೆ."

ಕೋಲ್ಟನ್ ಕಾಲ ಕೆಳಗೆ ನೋಡಿಕೊಂಡ.
ಅವಳು ಸುತ್ತು ಹಾಕಿ, ಬಿಸಿಲು ಹುಟ್ಟುವ ಕಡೆ
ಎರಡು ಕಲ್ಲುಗಳ ನಡುವಿನ ಸಂದು ಹುಡುಕಿ,
ತುಸು ತಲೆಬಾಗಿ
(ಇಲ್ಲದ ಚೌಕಟ್ಟು ಹಣೆಗೆ ತಾಗೀತು ಎಂಬಂತೆ)
ಒಳಗೆ ಬಂದಳು, ಅಂಚು ಬಳಸಿ ನಡೆದು ಕೂತಳು.

ಯಾರೂ ಹೇಳಿಕೊಡಲಿಲ್ಲ.
ಒಬ್ಬೊಬ್ಬರಾಗಿ ಎದ್ದರು ಮಕ್ಕಳು,
ಒಳಗಿದ್ದವರು ಹೊರಬೀಳುವುದು ಹೇಗೆಂದು ತಿಳಿಯದೆ
ಸಂದಿನಲ್ಲಿ ನೂಕುನುಗ್ಗಲು, ಕಿಸಿಕಿಸಿ ನಗು,
"ಸರತಿ, ಸರತಿ" ಎಂದು ಯಾರೋ ಕೂಗಿದರು.
ಮತ್ತೆ ಬಂದರು ಒಳಗೆ. ಬಗ್ಗಿ.
ಇಪ್ಪತ್ತೇಳು ಮಂದಿ ಹಿಡಿಸುವುದಿಲ್ಲ ಆ ಮನೆಯಲ್ಲಿ,
ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು.

ನಾನು ನಿಂತ ಜಾಗ ನೋಡಿಕೊಂಡೆ.
ಒಂದು ಬೂಟು ಒಳಗೆ, ಒಂದು ಹೊರಗೆ.
ಅಜ್ಜನ ಹೊಲದಲ್ಲಿ ನೇಗಿಲು ಎಬ್ಬಿಸಿದ ಕಲ್ಲುಗಳನ್ನು
ನಾವು ಹುಡುಗರು ಬೇಲಿಯ ಮೂಲೆಗೆ ಎಸೆಯುತ್ತಿದ್ದೆವು,
ಬಕೆಟ್ಟಿಗೆ ಐದು ಸೆಂಟಿನಂತೆ.
ಚೆನ್ನಾಗಿ ದುಡಿದಿದ್ದೆ ಒಂದು ಬೇಸಿಗೆ.

ಐದಕ್ಕೆ ಶಾಲೆ ಮುಟ್ಟಬೇಕು. ಹಾರ್ನ್ ಕೆಳಗಿದೆ, ನಾನು ಮೇಲೆ.
ಸೊಳ್ಳೆ ಏಳತೊಡಗಿತ್ತು.
"ಮಿಸ್ಟರ್ ಫ್ರೋಸೆ," ಅಂದಳು ಮೆರಿಸ್ಸಾ, ಕೂತಲ್ಲಿಂದಲೇ,
"ಬರುವುದಾದರೆ ಬನ್ನಿ,
ಬಾಗಿಲು ಆ ಕಡೆ."